ನನ್ನ ರಕ್ತನಾಳಕ್ಕೆ ನನ್ನ ಬಾಯಿಯೇ ಕಾರಣವಂತೆ

ನನ್ನ ಹೃದಯದ ರಕ್ತನಾಳ ಕಟ್ಟಿಹೋದದ್ದಕ್ಕೆ ನನ್ನ ಬಾಯಿಯೇ ಕಾರಣ ಎಂದು ಮೊದಲು ತೀರ್ಪು ಕೊಟ್ಟವರು ನನ್ನ ಭಾವ. ಭಾವ ಎಂದರೆ ಗಂಡನ ಅಣ್ಣ, ಕಾಪುವಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ನಾನಾಗ ಮಣಿಪಾಲದ ಒಂದು ಆಸ್ಪತ್ರೆಯ ಐಸಿಯುವಿನಲ್ಲಿ ಎದೆಯ ಮೇಲೆಲ್ಲ ವಯರು ಅಂಟಿಸಿಕೊಂಡು ಮಲಗಿದ್ದೆ. ಅವರು ಹಾಸಿಗೆಯ ಕಾಲಬದಿಯಲ್ಲಿ ನಿಂತು, ನನ್ನನ್ನು ನೋಡದೆ ನನ್ನ ಗಂಡನನ್ನು ನೋಡಿ, "ನಾನು ಯಾವಾಗಲೋ ಹೇಳಿದ್ದೆ ಅಲ್ವಾ ಜಯಕರ, ಈ ಕೋಪ ಒಂದು ದಿನ ಇವಳನ್ನೇ ತಿನ್ನುತ್ತದೆ ಅಂತ" ಎಂದರು.

ನನ್ನ ತಲೆಯ ಬಳಿಯ ಪರದೆಯಲ್ಲಿ ಹಸಿರು ಅಂಕಿ ಏರತೊಡಗಿತು. ಅಲ್ಲಿಯವರೆಗೆ ಮೆಲ್ಲಗೆ ಸದ್ದು ಮಾಡುತ್ತಿದ್ದ ಯಂತ್ರ ಕೂಗಿಕೊಂಡಿತು. ಕೇರಳದ ಕಡೆಯ ಸಿಸ್ಟರ್ ಒಬ್ಬಳು ಓಡಿಬಂದು ಅಂಕಿ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಭಾವನ ಮುಖ ನೋಡಿದಳು. "ಅಂಕಲ್, ಸಾಕು, ಹೊರಗೆ ಹೋಗಿ" ಎಂದಳು. ಅವಳಿಗೆ ಬರುತ್ತಿದ್ದ ಕನ್ನಡ ಹೆಚ್ಚುಕಡಿಮೆ ಅಷ್ಟೇ. ನನಗೆ ಅವತ್ತು ಅಷ್ಟೇ ಬೇಕಾಗಿತ್ತು.

ಇದೇ ಭಾವನಿಗೆ ಕೆಲವು ವರ್ಷಗಳ ಹಿಂದೆ ಎದೆನೋವು ಬಂದು ಸ್ಟೆಂಟ್ ಹಾಕಿದ್ದರು. ಆಗ ಕುಟುಂಬದವರೆಲ್ಲ ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ. ಪಾಪ, ಒಬ್ಬರೇ ದುಡಿದು ದುಡಿದು ಮೈ ಸವೆಸಿದರು ಎಂದಿದ್ದರು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬಟ್ಟಲನ್ನೇ ಅಂಗಳಕ್ಕೆ ಎಸೆದ ಮನುಷ್ಯ ಅವರು. ಅಂಗಡಿಯಲ್ಲಿ ಯಾವ ಕೆಲಸದವನೂ ಒಂದು ಮಳೆಗಾಲ ದಾಟಿ ನಿಲ್ಲಬಾರದು ಎಂಬಂತೆ ಬೈಯುವವರು. ಅವರ ಕೋಪಕ್ಕೆ ನಮ್ಮ ಮನೆಯಲ್ಲಿ ನೇರ ಸ್ವಭಾವ ಎಂದು ಹೆಸರು. ನನ್ನದಕ್ಕೆ ಬಾಯಿ ಎಂದು ಹೆಸರು. ಅವರ ರಕ್ತನಾಳ ದುಡಿಮೆಯಿಂದ ಕಟ್ಟಿತಂತೆ, ನನ್ನದು ಬಾಯಿಯಿಂದ.

ನಾನೂ ದುಡಿದವಳೇ. ಕಾರ್ಕಳದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ಊರಿನಲ್ಲಿ ನನ್ನನ್ನು ಶಶಿಕಲಾ ಮೇಡಂ ಎನ್ನುತ್ತಾರೆ. ಹಿಂದಿನಿಂದ ಹಾರ್ನ್ ಮೇಡಂ ಎನ್ನುತ್ತಾರೆ ಎಂಬುದೂ ಗೊತ್ತುಂಟು. ನಾನು ಶುರುಮಾಡಿದ ಕಾಲದಲ್ಲಿ ಸ್ಟೇರಿಂಗ್ ಹಿಡಿದ ಹೆಂಗಸು ಎಂದರೆ ಜನ ನಿಂತು ನೋಡುತ್ತಿದ್ದರು. ಹೆಣ್ಣುಮಕ್ಕಳನ್ನು ಸೇರಿಸಲು ಬಂದ ಅಪ್ಪಂದಿರು ನನ್ನ ಮುಖ ನೋಡಿ, ಕಲಿಸುವ ಗಂಡಸರು ಯಾರೂ ಇಲ್ಲವಾ ಎಂದು ಕೇಳುತ್ತಿದ್ದರು. ಎಲ್ ಬೋರ್ಡ್ ಕಂಡರೆ ಸಾಕು, ಟಿಪ್ಪರಿನವರು ಮೈಗೆ ತಾಗುವಷ್ಟು ಹತ್ತಿರ ಬಂದು ಹಾರ್ನ್ ಹೊಡೆದು ನಗುತ್ತಿದ್ದರು. ಒಂದು ಬೆಳಿಗ್ಗೆ ಬಂದು ನೋಡಿದರೆ ಕಾರಿನ ಚಕ್ರಗಳ ಗಾಳಿಯನ್ನು ಯಾರೋ ಬಿಟ್ಟಿದ್ದರು. ಇಂಥ ಕಡೆ ಬದುಕಬೇಕಾದರೆ ಎದುರಿನವನು ಬಾಯಿ ತೆರೆಯುವ ಮೊದಲೇ ಉತ್ತರ ಸಿದ್ಧವಿಟ್ಟುಕೊಳ್ಳಬೇಕಾಗುತ್ತದೆ. ನಾನು ಸಿದ್ಧವಿಟ್ಟುಕೊಂಡೆ. ವರ್ಷಗಳು ಕಳೆದ ಮೇಲೆ, ಪ್ರಶ್ನೆ ಕೇಳದವರಿಗೂ ಆ ಉತ್ತರ ಸಿಗತೊಡಗಿತು ಎಂಬುದೂ ನಿಜ.

ಕಾಯಿಲೆ ಬಂದದ್ದು ಆಯಾಸವಾಗಿ. ಎದೆಯನ್ನು ಕೈಯಲ್ಲಿ ಹಿಡಿದುಕೊಂಡು ಕುಸಿಯುವುದನ್ನು ನಾವು ಟಿವಿಯಲ್ಲಿ ನೋಡಿದ್ದೇವಲ್ಲ, ಹಾಗೆ ಏನೂ ಆಗಲಿಲ್ಲ. ಬಟ್ಟೆ ಒಗೆದು ಹಿಂಡುವಾಗ ಎರಡು ಹೆಗಲ ನಡುವೆ ಯಾರೋ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ ಅನಿಸುತ್ತಿತ್ತು. ಕೆಳಗಿನ ದವಡೆ ಹಲ್ಲುನೋವಿನಂತೆ ಸೆಳೆಯುತ್ತಿತ್ತು. ಮೆಟ್ಟಿಲು ಹತ್ತಿದರೆ ಹೊಟ್ಟೆ ತೊಳಸಿ ವಾಂತಿ ಬರುವಂತಾಗುತ್ತಿತ್ತು. ಒಂದು ನಿಮಿಷ ಕೂತರೆ ಎಲ್ಲ ಹೋಗುತ್ತಿತ್ತು.

ಜಯಕರ ನನ್ನನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ವಯಸ್ಸು ಕೇಳಿದರು, ಮುಟ್ಟು ನಿಂತಿದೆಯಾ ಎಂದು ಕೇಳಿದರು. ನಾನು ದವಡೆಯ ನೋವಿನ ಬಗ್ಗೆ ಹೇಳುತ್ತಿದ್ದಂತೆ ಅವರು ಜಯಕರನ ಕಡೆ ತಿರುಗಿ, ಮನೆಯಲ್ಲಿ ಏನಾದರೂ ಟೆನ್ಷನ್ ಉಂಟಾ ಎಂದು ವಿಚಾರಿಸಿದರು. ಜಯಕರ ನಕ್ಕು, "ಟೆನ್ಷನ್ ಅಂದರೆ ಇವಳೇ ಡಾಕ್ಟ್ರೇ" ಎಂದರು. ಇಬ್ಬರೂ ನಕ್ಕರು. ಕೆಟ್ಟ ಉದ್ದೇಶದಿಂದ ಆಡಿದ ಮಾತಲ್ಲ, ನಾನು ಬಲ್ಲೆ. ಗಂಡಸರು ಒಬ್ಬರೊಂದಿಗೊಬ್ಬರು ಸಲಿಗೆ ಬೆಳೆಸಲು ಹೀಗೆ ಹೆಂಡತಿಯ ಮೇಲೊಂದು ತಮಾಷೆ ಮಾಡುವುದು ಉಂಟು. ಗ್ಯಾಸಿನ ಮಾತ್ರೆ, ಚೆನ್ನಾಗಿ ನಿದ್ದೆ ಬರಲು ಇನ್ನೊಂದು ಮಾತ್ರೆ ಬರೆದುಕೊಟ್ಟರು. ಇಸಿಜಿ ತೆಗೆಯುವ ಯಂತ್ರ ನನ್ನ ಕುರ್ಚಿಯ ಪಕ್ಕದಲ್ಲೇ ಇತ್ತು. ಅದರ ಮೇಲೆ ಯಾರದೋ ಛತ್ರಿ ಒಣಗುತ್ತಿತ್ತು.

ಮಾತ್ರೆ ನುಂಗಿಕೊಂಡು ಒಂದು ವಾರ ಪಾಠ ಮಾಡಿದೆ. ಆ ವಾರದ ಕೊನೆಯಲ್ಲಿ ಝೊಹರಾ ಎಂಬವಳಿಗೆ ಹಿರಿಯಡ್ಕದ ಹತ್ತಿರ ಕಲಿಸುತ್ತಿದ್ದೆ. ಹಿರಿಯಡ್ಕದವಳೇ, ಬ್ಯಾರಿ ಮುಸ್ಲಿಂ ಮನೆತನದ ಹೆಣ್ಣುಮಗಳು. ಗಂಡ ದುಬೈಯಲ್ಲಿ ಇರುವುದರಿಂದ ಮಕ್ಕಳನ್ನೂ ಮಂಡಿನೋವಿನ ಅತ್ತೆಯನ್ನೂ ಕರೆದುಕೊಂಡು ತಿರುಗುವ ಕೆಲಸವೆಲ್ಲ ಅವಳದು. ಮನೆಯಲ್ಲಿ ಕಾರು ಇತ್ತು, ಓಡಿಸುವವರು ಇರಲಿಲ್ಲ. ತುಂಬಾ ಹೆದರಿಕೆಯ ಸ್ವಭಾವ. ಎದುರಿನಿಂದ ಬಸ್ಸು ಬಂದರೆ ಕಣ್ಣು ಮುಚ್ಚುತ್ತಿದ್ದಳು. ನಾನು ಬೈದಷ್ಟೂ ಅವಳ ಕಾಲು ಕ್ಲಚ್ಚಿನ ಮೇಲೆ ನಡುಗುತ್ತಿತ್ತು. ಅವತ್ತೂ ಜೋರಾಗಿ ಬೈಯುತ್ತಿದ್ದೆ. ನಡುವೆ ನನ್ನ ಮಾತು ನಿಂತಿತು.

ಬೆನ್ನಿನ ಬಿಸಿ ಅವತ್ತು ಹೋಗಲಿಲ್ಲ. ಎಡ ದವಡೆಯಿಂದ ಕಿವಿಯ ತನಕ ಹಿಂಡಿತು. ಎಸಿ ಓಡುತ್ತಿದ್ದರೂ ಬೆವರು ಸುರಿದು ರವಿಕೆ ಮೈಗೆ ಅಂಟಿತು. ಕಲಿಸುವವರ ಬದಿಯಲ್ಲೂ ನಮಗೆ ಒಂದು ಬ್ರೇಕ್ ಇರುತ್ತದೆ. ಅದನ್ನು ಒತ್ತಿ ಕಾರು ನಿಲ್ಲಿಸೋಣವೆಂದರೆ ಕಾಲಿನಲ್ಲಿ ಬಲವಿರಲಿಲ್ಲ. ಝೊಹರಾಳೇ ನನ್ನ ಮುಖ ನೋಡಿ ಕಾರನ್ನು ಬದಿಗೆ ತಂದು ನಿಲ್ಲಿಸಿದಳು. ಕಾರ್ಕಳಕ್ಕೆ ಹಿಂದಕ್ಕೆ ಹೋಗೋಣ ಎಂದು ನಾನು ಹೇಳಿದೆನಂತೆ. ಗ್ಯಾಸಿನ ಮಾತ್ರೆ ಮನೆಯಲ್ಲಿದೆ ಎಂದೂ ಹೇಳಿದೆನಂತೆ.

ಅವಳು ಹೇಳಿದ್ದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. "ಮೇಡಂ, ಬೈಬೇಡಿ. ನಾನು ನಿಮ್ಮನ್ನು ಮಣಿಪಾಲಕ್ಕೆ ಕರ್ಕೊಂಡು ಹೋಗ್ತೇನೆ."

ಅಲ್ಲಿಯ ತನಕ ಅವಳು ಹಿರಿಯಡ್ಕ ದಾಟಿ ಓಡಿಸಿದವಳಲ್ಲ. ಪರ್ಕಳದ ಏರಿನಲ್ಲಿ ಕಾರು ಬಂದ್ ಬಿದ್ದಿತು. ಹಿಂದೆ ಎಕ್ಸ್‌ಪ್ರೆಸ್ ಬಸ್ಸು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಝೊಹರಾ ಹ್ಯಾಂಡ್‌ಬ್ರೇಕ್ ಎಳೆದು, ಕಿಟಕಿಯಿಂದ ಕೈ ಹೊರಗೆ ಹಾಕಿ ಬಸ್ಸನ್ನು ನಿಲ್ಲಿಸಿದಳು. ಕಂಡಕ್ಟರ್ ಜಗಳಕ್ಕೆಂದೇ ಇಳಿದು ಬಂದ. ಇವನಿಗೆ ಎಂಥ ಉತ್ತರ ಕೊಡಬೇಕೆಂದು ಆ ಸ್ಥಿತಿಯಲ್ಲೂ ನಾನು ಮಾತು ಹುಡುಕುತ್ತಿದ್ದೆ. ಅವನು ಒಳಗೆ ಬಗ್ಗಿ ನನ್ನನ್ನು ನೋಡಿದ. ತಕ್ಷಣ ಓಡಿಹೋಗಿ ಬಸ್ಸು ಹತ್ತಿದ. ಬಸ್ಸು ನಮ್ಮನ್ನು ದಾಟಿ ಮುಂದೆ ಹೋಯಿತು. ಹೋದದ್ದು ನಮ್ಮನ್ನು ಬಿಟ್ಟು ಅಲ್ಲ. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಎದುರಿನ ಗಾಡಿಗಳಿಗೆ ಬದಿಗೆ ಸರಿಯಲು ಕೈ ಬೀಸಿದ. ಡ್ರೈವರ್ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಅವರ ಹಿಂದೆಯೇ ಝೊಹರಾ ಮಣಿಪಾಲದ ತನಕ ಓಡಿಸಿದಳು. ಜೀವಮಾನವಿಡೀ ಆ ದಾರಿಯ ಬಸ್ಸಿನವರನ್ನು ನನ್ನ ವೈರಿಗಳೆಂದು ತಿಳಿದಿದ್ದೆ. ಆ ಬಸ್ಸಿನ ಹೆಸರನ್ನೂ ನಾನು ನೋಡಿಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಕೈಯ ಮಣಿಕಟ್ಟಿನ ಬಳಿಯಿಂದ ಸಣ್ಣ ನಳಿಕೆ ತೂರಿಸಿ, ಮುಚ್ಚಿಹೋಗಿದ್ದ ನಾಳವನ್ನು ತೆರೆದು ಸ್ಟೆಂಟ್ ಇಟ್ಟರು. ನೋವೇನೂ ದೊಡ್ಡದಲ್ಲ. ಹೆದರಿಕೆ ದೊಡ್ಡದು. ಎಚ್ಚರವಾಗಿಯೇ ಇರುತ್ತೇವೆ; ನಮ್ಮ ಎದೆಯೊಳಗಿನದನ್ನು ಇತರರು ಪರದೆಯಲ್ಲಿ ನೋಡಿ ಮಾತಾಡಿಕೊಳ್ಳುವುದು ಕೇಳಿಸುತ್ತದೆ. ಆ ಕೋಣೆ ಎಷ್ಟು ತಣ್ಣಗಿತ್ತೆಂದರೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಮುಖಗವಸು ಹಾಕಿದ ಯಾರೋ ಒಬ್ಬರು ನನ್ನ ಪಾದಗಳಿಗೆ ಇನ್ನೊಂದು ಹೊದಿಕೆ ಹೊದಿಸಿದರು. ಅವರು ಯಾರೆಂದು ತಿಳಿಯಲಿಲ್ಲ. ಈಗಲೂ ಆ ಹೊದಿಕೆಯನ್ನು ನೆನೆಯುತ್ತೇನೆ.

ಹೊರಗೆ ಕಾಯುವ ಜಾಗದಲ್ಲಿ ಝೊಹರಾ ಸಂಜೆಯವರೆಗೂ ಕೂತಿದ್ದಳೆಂದು ಆಮೇಲೆ ಜಯಕರ ಹೇಳಿದರು. ನನ್ನ ಚಪ್ಪಲಿ ಅವಳ ಮಡಿಲಲ್ಲಿತ್ತಂತೆ. ನಮ್ಮ ಕಡೆಯವರೆಲ್ಲ ಬಂದು ಸೇರಿ, ಇವಳು ಯಾರೆಂದು ಒಬ್ಬರನ್ನೊಬ್ಬರು ಕೇಳಿಕೊಂಡರಂತೆ. ಅವಳನ್ನು ಯಾರೂ ಕೇಳಲಿಲ್ಲ.

ಐಸಿಯುವಿನಿಂದ ವಾರ್ಡಿಗೆ ಬಂದ ಮೇಲೆ ಹೃದಯ ವಿಭಾಗದ ಡಾಕ್ಟರ್ ನನ್ನ ಬಳಿ ಕೂತು ಮಾತಾಡಿದರು. ಚಿಕ್ಕ ವಯಸ್ಸಿನವರು, ಉಡುಪಿಯವರೇ. ಕುರ್ಚಿ ಎಳೆದುಕೊಂಡು ಕೂತ ಮೊದಲ ಡಾಕ್ಟರ್ ಅವರು. ಜಯಕರ ಪಕ್ಕದಲ್ಲೇ ಇದ್ದರು. ಪ್ರಶ್ನೆಗಳನ್ನೆಲ್ಲ ಡಾಕ್ಟರ್ ನನ್ನನ್ನೇ ಕೇಳಿದರು.

ರಸ್ತೆಯಲ್ಲಿ ಯಾರಾದರೂ ಓವರ್‌ಟೇಕ್ ಮಾಡಿದರೆ ಎಂತ ಅನಿಸುತ್ತದೆ ಎಂದು ಕೇಳಿದರು. ಬೇಕೆಂದೇ ಮಾಡಿದ ಅನಿಸುತ್ತದೆ ಎಂದೆ. ಯಾರಾದರೂ ಸಹಾಯಕ್ಕೆ ಬಂದರೆ? ಇವನಿಗೆ ನನ್ನಿಂದ ಎಂತ ಆಗಬೇಕು ಎಂದು ಯೋಚಿಸುತ್ತೇನೆ ಎಂದೆ. ಓವರ್‌ಟೇಕ್ ಮಾಡಿದವನು ಸಂಜೆಗೂ ನೆನಪಿರುತ್ತಾನಾ ಎಂದರು. ಅವನ ಗಾಡಿಯ ನಂಬರ್ ಕೂಡ ನೆನಪಿರುತ್ತದೆ ಎಂದೆ. ಜಯಕರ ನಕ್ಕರು. ಡಾಕ್ಟರ್ ನಗಲಿಲ್ಲ.

"ಕೋಪ ಬರುವುದು ರೋಗ ಅಲ್ಲ ಮೇಡಂ. ಬಂದದ್ದು ಹೋಗದೆ ಒಳಗೇ ಕೂತುಕೊಂಡರೆ, ಎದುರು ಬಂದವರೆಲ್ಲ ನಮಗೆ ಮೋಸ ಮಾಡಲಿಕ್ಕೇ ಬಂದದ್ದು ಅಂತ ವರ್ಷಗಟ್ಟಲೆ ಹಗೆ ಇಟ್ಟುಕೊಂಡು ಬದುಕಿದರೆ, ಅದರಿಂದ ರಕ್ತನಾಳಗಳಿಗೆ ತೊಂದರೆ ಆಗಬಹುದು. ಆಗಬಹುದು, ಅಷ್ಟೆ. ನಿಮಗೆ ಶುಗರ್ ಉಂಟು. ಕೊಲೆಸ್ಟರಾಲ್ ಉಂಟು. ನಿಮ್ಮ ತಂದೆಯವರೂ ಹಾರ್ಟ್ ಅಟ್ಯಾಕಿನಲ್ಲೇ ತೀರಿಕೊಂಡದ್ದು ಅಂತ ಹೇಳಿದ್ರಿ. ಇದರಲ್ಲಿ ಯಾವುದು ಎಷ್ಟು ಮಾಡಿತು ಅಂತ ನನಗೆ ಹೇಳಲಿಕ್ಕೆ ಬರುವುದಿಲ್ಲ."

ನನಗೆ ಆ ಮಾತಿನಿಂದ ಸಿಟ್ಟು ಬರಲಿಲ್ಲ. ಅದರಲ್ಲಿ ಸತ್ಯವಿತ್ತು. ಐಸಿಯುವಿನಲ್ಲೂ ನಾನು ಆ ಒಳ್ಳೆಯ ಸಿಸ್ಟರ್ ಕೊಟ್ಟ ಮಾತ್ರೆಗಳನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಬೇರೆಯವರದ್ದನ್ನು ನನಗೆ ಕೊಟ್ಟಿರಬಹುದೇ ಎಂದು ಅನುಮಾನಿಸಿದವಳು. ಸಿಟ್ಟು ಬಂದದ್ದು ಆ ಮಾತಿಗೆ ಆಮೇಲೆ ಆದ ಗತಿಯನ್ನು ನೋಡಿ. ವಾರ್ಡಿನಲ್ಲಿ ಡಾಕ್ಟರ್ ಎರಡೆರಡು ಸಲ ಒತ್ತಿ ಹೇಳಿದ "ಆಗಬಹುದು" ಎಂಬ ಶಬ್ದ ಲಿಫ್ಟಿನಲ್ಲಿ ಕೆಳಗೆ ಇಳಿಯುವಷ್ಟರಲ್ಲಿ ಬಿದ್ದುಹೋಯಿತು. ಶುಗರ್ ಉಡುಪಿಯಲ್ಲಿ ಬಿತ್ತು, ನನ್ನ ಅಪ್ಪ ದಾರಿಯಲ್ಲಿ ಎಲ್ಲೋ ಬಿದ್ದರು. ಕಾಪು ತಲುಪುವಾಗ ಉಳಿದದ್ದು ಇಷ್ಟೇ: ಕೋಪದಿಂದಲೇ ಆದದ್ದೆಂದು ದೊಡ್ಡ ಡಾಕ್ಟರೇ ಹೇಳಿದ್ದಾರೆ.

ಮನೆಗೆ ಬಂದ ಮೇಲೆ ನನ್ನನ್ನು ನೋಡಲು ಬಂದವರೆಲ್ಲ ಕೈಯಲ್ಲಿ ಮೂಸಂಬಿ, ಬಾಯಲ್ಲಿ ಈ ಮಾತು ಹಿಡಿದುಕೊಂಡೇ ಬಂದರು. ಇನ್ನಾದರೂ ಸ್ವಲ್ಪ ತಗ್ಗಿ ಬಗ್ಗಿ ಇರು ಎಂದರು. ಹೆಂಗಸರಿಗೆ ಇಷ್ಟು ಕೋಪ ಒಳ್ಳೆಯದಲ್ಲ ಎಂದರು. ನೋವು ಹೇಗಿತ್ತು, ಈಗ ಉಸಿರಾಡಲು ಕಷ್ಟವಾಗುತ್ತದಾ, ಹೆದರಿಕೆಯಾಗುತ್ತದಾ ಎಂದು ಕೇಳಿದವರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದು. ಹೆದರಿಕೆಯಾಗುತ್ತಿತ್ತು. ಸ್ನಾನದ ಮನೆಯ ಚಿಲಕ ಹಾಕಲು ಹೆದರಿಕೆ. ಎಡಗೈಗೆ ಸೊಳ್ಳೆ ಕಚ್ಚಿದರೂ ಹೆದರಿಕೆ. ಇಷ್ಟು ದೊಡ್ಡ ಬಾಯಿಯವಳು ಅದನ್ನು ಮಾತ್ರ ಯಾರಿಗೂ ಹೇಳಲಾರದೆ ಹೋದೆ.

ಸಾಯುವ ಹೆದರಿಕೆಯಿಂದಲೇ ನಾನು ಬಾಯಿ ಮುಚ್ಚಿದೆ. ಯಾರು ಏನೆಂದರೂ ಹೂಂ ಎಂದೆ. ಅನ್ನದ ಬದಲು ಗಂಜಿ ಬಡಿಸಿದರೂ ಹೂಂ, ನನ್ನ ಫೋನನ್ನು ಟೆನ್ಷನ್ ಆಗುತ್ತದೆಂದು ತೆಗೆದಿಟ್ಟರೂ ಹೂಂ. ಮನೆಯವರಿಗೆ ಬಹಳ ಸಂತೋಷವಾಯಿತು. ಶಶಿಕಲಾ ಈಗ ಎಷ್ಟು ಒಳ್ಳೆಯವಳಾಗಿದ್ದಾಳೆ ಎಂದು ನನ್ನೆದುರೇ ಹೇಳಿಕೊಂಡರು. ಸ್ಕೂಲಿನ ಚಿಂತೆ ಬೇಡ, ಭಾವನ ಮಗ ಪ್ರಜ್ವಲ್ ನೋಡಿಕೊಳ್ಳುತ್ತಾನೆ ಎಂದು ಜಯಕರ ಹೇಳಿದಾಗಲೂ ನಾನು ಹೂಂ ಎಂದಿದ್ದೆ. ನೋಡಿಕೊಳ್ಳುವುದೆಂದರೆ ನಾನು ಹುಷಾರಾಗುವ ತನಕ ಎಂದು ನಾನು ತಿಳಿದಿದ್ದೆ.

ಮಣಿಪಾಲಕ್ಕೆ ಮೊದಲ ತಪಾಸಣೆಗೆ ಹೋದಾಗ ನನ್ನ ಬಿಪಿ ಆಸ್ಪತ್ರೆಯಿಂದ ಬಿಡುವಾಗ ಇದ್ದದ್ದಕ್ಕಿಂತ ಹೆಚ್ಚಿತ್ತು. ಮಾತ್ರೆ ಬಿಟ್ಟಿದ್ದೀರಾ ಎಂದು ಡಾಕ್ಟರ್ ಕೇಳಿದರು. ಒಂದೂ ಬಿಟ್ಟಿಲ್ಲ ಎಂದೆ. ನಿದ್ದೆ? ಇಲ್ಲ. ಮನೆಯಲ್ಲಿ ಹೇಗೆ ಎಂದು ಕೇಳಿದಾಗ ಜಯಕರ ಹೆಮ್ಮೆಯಿಂದ, ಈಗ ಜೋರು ಮಾತೇ ಇಲ್ಲ, ಬಾಯಿ ಬಿಡುವುದೇ ಇಲ್ಲ ಎಂದರು.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ನಾನು ಬಾಯಿ ಮುಚ್ಚಿ ಅಂತ ಹೇಳಲಿಲ್ಲವಲ್ಲ" ಎಂದರು. ನುಂಗಿಕೊಂಡು ಕೂತ ಸಿಟ್ಟು ಹೋಗಿಬಿಟ್ಟಿದೆ ಎಂದು ತಿಳಿಯಬೇಡಿ, ಅದು ಒಳಗೇ ಇರುತ್ತದೆ ಎಂದರು. ಹೇಳಬೇಕಾದದ್ದನ್ನು ಹೇಳಬೇಕಾದವರಿಗೆ ಹೇಳಿ ಮುಗಿಸುವುದು ಒಂದು. ಸಂಬಂಧವಿಲ್ಲದವರ ಮೇಲೆಲ್ಲ ಹಗೆ ಸಾಧಿಸುವುದು ಇನ್ನೊಂದು. ಎರಡನ್ನೂ ಒಂದೇ ಹೆಸರಿನಿಂದ ಕರೆಯಬೇಡಿ ಎಂದರು. ಇದನ್ನು ನನಗಿಂತ ಹೆಚ್ಚು ಜಯಕರನಿಗೇ ಹೇಳಿದ ಹಾಗಿತ್ತು.

ಹಿಂದಿರುಗುವಾಗ ಜಯಕರನ ಫೋನಿಗೆ ಝೊಹರಾಳ ಕರೆ ಬಂತು. ಮೇಡಂಗೆ ಕೊಡಿ ಎಂದಳಂತೆ. ಅವರು ಕೊಡಲೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ನಾನು ಕೈ ಚಾಚಿ ತೆಗೆದುಕೊಂಡೆ.

"ಮೇಡಂ, ನಿಮ್ಮ ಸ್ಕೂಲಿನ ಬೋರ್ಡ್ ಇಳಿಸ್ತಾ ಇದ್ದಾರೆ. ನಿಮಗೆ ಗೊತ್ತುಂಟಾ?"

ಗೊತ್ತಿರಲಿಲ್ಲ. ಹೆಂಗಸರಿಗೆಂದೇ ನಾನು ಇಟ್ಟಿದ್ದ ಬೆಳಗಿನ ಪಾಠವನ್ನು ಪ್ರಜ್ವಲ್ ನಿಲ್ಲಿಸಿದ್ದಾನೆ ಎಂಬುದೂ ಅವಳಿಂದಲೇ ತಿಳಿಯಿತು. ಅವರು ಕಲಿಯಲು ತುಂಬಾ ಸಮಯ ತೆಗೆದುಕೊಳ್ಳುತ್ತಾರೆಂದು ಹೇಳಿದನಂತೆ. ಕಾರ್ಕಳಕ್ಕೆ ಬಂದು ನೋಡಿದಾಗ ನನ್ನ ಹೆಸರಿದ್ದ ಬೋರ್ಡ್ ಗೋಡೆಗೆ ಮುಖಮಾಡಿ ನಿಂತಿತ್ತು. ಹೊಸದರ ಮೇಲೆ ಪ್ರಜ್ವಲನ ಹೆಸರು ಇನ್ನೂ ಹಸಿಯಾಗಿತ್ತು. ಪೇಂಟರಿಗೆ ಬೈಯಲು ಬಾಯಿ ತೆರೆದೆ. ಅವನದೇನು ತಪ್ಪು? ಬಾಯಿ ಮುಚ್ಚಿದೆ. ಒಣಗುವ ತನಕ ಮೇಲೆ ಹತ್ತಿಸಬೇಡಿ ಎಂದಷ್ಟೇ ಹೇಳಿ, ಈಗಲೇ ಕಾಪುವಿಗೆ ಹೋಗೋಣ ಎಂದೆ. ಇವತ್ತು ಬೇಡ, ನಿನ್ನ ಬಿಪಿ ಹೆಚ್ಚುಂಟು ಎಂದರು ಜಯಕರ. ಅದನ್ನು ಇಳಿಸಲಿಕ್ಕೇ ಹೋಗುವುದು ಎಂದೆ.

ಕಾಪುವಿನ ಮನೆಯಲ್ಲಿ ಭಾವ ಚಹಾ ಕುಡಿಯುತ್ತಿದ್ದರು. ಪ್ರಜ್ವಲನೂ ಇದ್ದ. ಭಾವನ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ನನಗೆ ಸಕ್ಕರೆ ಹಾಕದ ಚಹಾ ತಂದಿಟ್ಟರು. ಭಾವ ಸಮಾಧಾನದಿಂದಲೇ ಮಾತು ಶುರುಮಾಡಿದರು. ಎಲ್ಲ ನನ್ನ ಒಳ್ಳೆಯದಕ್ಕೇ ಮಾಡಿದ್ದಂತೆ. ರಸ್ತೆಯಲ್ಲಿ ಜಗಳ ಮಾಡಿಕೊಂಡು ನಾನು ಸತ್ತರೆ ಜಯಕರನ ಗತಿ ಏನಂತೆ. ಡಾಕ್ಟರೇ ಹೇಳಿದ್ದಾರಂತೆ.

ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ದನಿ ಏರಲಿಲ್ಲ. ಏರಿಸದೆ ಇರಲು ಪ್ರಯತ್ನ ಪಡಬೇಕಾಗಿಯೂ ಬರಲಿಲ್ಲ. ಹೇಳುವುದು ಏನೆಂದು ಅಷ್ಟು ಸ್ಪಷ್ಟವಾಗಿತ್ತು.

"ಭಾವ, ನಿಮಗೆ ಸ್ಟೆಂಟ್ ಹಾಕಿದಾಗ ನಿಮ್ಮ ಅಂಗಡಿಯ ಬೀಗದಕೈಯನ್ನು ಯಾರಾದರೂ ತೆಗೆದುಕೊಂಡರಾ? ಅದರ ಬೋರ್ಡನ್ನು ಯಾರಾದರೂ ಇಳಿಸಿದರಾ?"

ನೋಡು, ಮತ್ತೆ ಶುರುವಾಯಿತು ಎಂದು ಭಾವ ತಮ್ಮನಿಗೆ ಹೇಳಿದರು. ಆಗ ಅಕ್ಕ ಬಾಗಿಲ ಬಳಿಯಿಂದ, ತಣ್ಣಗೆ, "ಅವಳು ಕೇಳಿದ್ದು ನಿಮ್ಮನ್ನು" ಎಂದರು. ಬಟ್ಟಲು ಅಂಗಳಕ್ಕೆ ಬಿದ್ದ ದಿನವೂ ಬಾಯಿ ತೆರೆಯದ ಹೆಂಗಸು. ಭಾವ ಅವರ ಕಡೆ ತಿರುಗಿ ನೋಡಿದರು. ಅಕ್ಕ ಕಣ್ಣು ತಗ್ಗಿಸಲಿಲ್ಲ.

ಬೋರ್ಡ್ ಬದಲಿಸಲು ತಾನೇ ಒಪ್ಪಿದ್ದು, ಅಣ್ಣನೊಬ್ಬನನ್ನೇ ಬೈಯಬೇಡ ಎಂದು ಜಯಕರ ಹೇಳಿದರು. "ನನಗೆ ಹೆದರಿಕೆ ಶಶಿ. ನೀನು ಮಲಗಿದರೆ ಉಸಿರು ಉಂಟಾ ಅಂತ ಮೂಗಿನ ಹತ್ತಿರ ಕೈ ಹಿಡಿದು ನೋಡ್ತೇನೆ. ಆ ಕ್ಲಿನಿಕ್ಕಿನಲ್ಲಿ ನಾನು ಹಾಗೆ ನಗಬಾರದಿತ್ತು."

ಇಷ್ಟು ಸಮಯ ನಾವಿಬ್ಬರೂ ಒಂದೇ ಹೆದರಿಕೆಯನ್ನು ಬೇರೆ ಬೇರೆಯಾಗಿ ಅಡಗಿಸಿಟ್ಟುಕೊಂಡಿದ್ದೆವು. ನನಗೆ ಅವರ ಮೇಲೆ ಕನಿಕರವಾಯಿತು. ಆದರೂ ನನ್ನ ಬೋರ್ಡ್ ನಾಳೆಯೇ ಮೇಲೆ ಹೋಗಬೇಕು ಎಂದೆ. ಹೋಯಿತು. ಪ್ರಜ್ವಲನಿಗೆ ಬೇಕಿದ್ದರೆ ನನ್ನ ಕೈಕೆಳಗೆ ಕಲಿಸಬಹುದು, ಹೆಂಗಸರ ಪಾಠ ನಿಲ್ಲಬಾರದು ಎಂದು ಹೇಳಿದೆ. ಅವನು ಬರಲಿಲ್ಲ. ಭಾವ ಇವತ್ತಿಗೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಆ ಕ್ಲಿನಿಕ್ಕಿಗೂ ಹೋದೆ. ಈ ಸಲ ಒಬ್ಬಳೇ ಹೋದೆ. ಗ್ಯಾಸ್ ಅಲ್ಲ, ಹೃದಯದ ನಾಳ ಕಟ್ಟಿತ್ತು ಎಂದು ಹೇಳಿ ಮಣಿಪಾಲದ ಕಾಗದಗಳನ್ನು ಮೇಜಿನ ಮೇಲಿಟ್ಟೆ. ಡಾಕ್ಟರು ಓದಿದರು, ಕನ್ನಡಕ ತೆಗೆದರು. ಟೆನ್ಷನ್ ಅಂತ ನಿಮ್ಮ ಯಜಮಾನರೇ ಹೇಳಿದರಲ್ಲ ಎಂದರು. ನೋವು ನನ್ನದಾಗಿತ್ತು, ನೀವು ಕೇಳಿದ್ದು ಅವರನ್ನು ಎಂದೆ. ಇನ್ನು ಮುಂದೆ ದವಡೆ, ಬೆನ್ನು ಎಂದು ಹೇಳಿಕೊಂಡು ಬರುವ ಹೆಂಗಸರಿಗೆ ಆ ಯಂತ್ರದ ಮೇಲಿನ ಛತ್ರಿ ತೆಗೆದು ಇಸಿಜಿ ಮಾಡಿ ಎಂದು ಹೇಳಿ ಎದ್ದು ಬಂದೆ. ಅವತ್ತು ನಿದ್ದೆ ಚೆನ್ನಾಗಿ ಬಂತು.

ಈಗ ಬೆಳಿಗ್ಗೆ ನಡೆಯುತ್ತೇನೆ, ಮಾತ್ರೆ ನುಂಗುತ್ತೇನೆ, ಮೀನು ಹುರಿಯದೆ ಸಾರು ಮಾಡಿ ತಿನ್ನುತ್ತೇನೆ. ಪಾಠವನ್ನೂ ಮಾಡುತ್ತೇನೆ. ಓವರ್‌ಟೇಕ್ ಮಾಡಿದವನಿಗೆ ಮನೆಯಲ್ಲಿ ಏನೋ ಅವಸರ ಇರಬಹುದು ಎಂದುಕೊಳ್ಳಲು ಅಭ್ಯಾಸ ಮಾಡುತ್ತಿದ್ದೇನೆ. ಎಲ್ಲ ದಿನವೂ ಆಗುವುದಿಲ್ಲ. ಟಿಪ್ಪರಿನವರ ವಿಷಯದಲ್ಲಿ ಒಂದು ದಿನವೂ ಆಗಿಲ್ಲ. ಆದರೆ ಅವರ ನಂಬರುಗಳು ಈಗ ಸಂಜೆಯ ತನಕ ಉಳಿಯುವುದಿಲ್ಲ. ಝೊಹರಾ ಟೆಸ್ಟಿನಲ್ಲಿ ಪಾಸಾದಳು. ಮಣಿಪಾಲಕ್ಕೆ ಅತ್ತೆಯನ್ನು ಅವಳೇ ಕರೆದುಕೊಂಡು ಹೋಗಿ ಬರುತ್ತಾಳೆ.

ಕಳೆದ ಸಲ ತಪಾಸಣೆಗೆ ಹೋದಾಗ ಕಾಯುವ ಜಾಗದಲ್ಲಿ ನನ್ನೆದುರಿನ ಕುರ್ಚಿಯಲ್ಲಿ ಒಬ್ಬರು ವಯಸ್ಸಾದ ಹೆಂಗಸು ಕೂತಿದ್ದರು. ಮಟ್ಟುವಿನವರು, ಗುಳ್ಳ ಬದನೆ ಬೆಳೆಯುವವರು ಎಂದು ಆಮೇಲೆ ತಿಳಿಯಿತು. ಬೆರಳುಗಳ ಮೇಲೆ ಗುಳ್ಳದ ಮುಳ್ಳು ಗೀರಿದ ಗೆರೆಗಳಿದ್ದವು. ಪಕ್ಕದಲ್ಲಿ ಮಗ. ಸಿಸ್ಟರ್ ಬಂದು ಏನು ತೊಂದರೆ ಎಂದು ಕೇಳಿದಾಗ ತಾಯಿ ಬಾಯಿ ತೆರೆದರು. ಮಾತಾಡಿದ್ದು ಮಗ.

"ಎಂತ ಇಲ್ಲ ಸಿಸ್ಟರ್. ಅಮ್ಮನಿಗೆ ಕೋಪ ಜಾಸ್ತಿ. ಮನೆಯಲ್ಲಿ ಎಲ್ಲರ ಮೇಲೂ ರೇಗುವುದು, ಆಮೇಲೆ ಎದೆ ನೋವು ಅಂತ ಹೇಳುವುದು. ಡಾಕ್ಟ್ರ ಹತ್ರ ಸ್ವಲ್ಪ ಬುದ್ಧಿ ಹೇಳಿಸಬೇಕು ಅಂತ ಬಂದದ್ದು."

ತಾಯಿ ಬಾಯಿ ಮುಚ್ಚಿದರು. ಸಿಸ್ಟರ್ ಬೇರೆ ಯಾರೋ ಕರೆದರೆಂದು ಆ ಕಡೆ ಹೋದಳು. ನನ್ನ ಕಿವಿ ಬಿಸಿಯಾಯಿತು. ಎದ್ದು ಹೋಗಿ ಆ ಹೆಂಗಸಿನ ಇನ್ನೊಂದು ಬದಿಯಲ್ಲಿ ಕೂತೆ. ನೋವು ಎಲ್ಲಿ ಬರುತ್ತದೆ ಎಂದು ತುಳುವಿನಲ್ಲಿ ಕೇಳಿದೆ. ಅವರು ಮೊದಲು ಮಗನನ್ನು ನೋಡಿದರು. ಆಮೇಲೆ ಕೈಯನ್ನು ದವಡೆಯ ಕೆಳಗೆ ಇಟ್ಟು ತೋರಿಸಿದರು, ಅಲ್ಲಿಂದ ಬೆನ್ನಿನ ಕಡೆ ಸನ್ನೆ ಮಾಡಿದರು. ಗದ್ದೆಯಲ್ಲಿ ಬುಟ್ಟಿ ಎತ್ತುವಾಗ ಬರುತ್ತದೆ, ಕೂತರೆ ಹೋಗುತ್ತದೆ, ಈಗ ಕೆಲವು ದಿನಗಳಿಂದ ಕೂತರೂ ಹೋಗುವುದಿಲ್ಲ ಎಂದರು. ಈಗ ಉಂಟಾ ಎಂದು ಕೇಳಿದೆ. ಉಂಟು ಎಂದರು. ಅವರ ಹಣೆಯ ಮೇಲೆ ಬೆವರಿತ್ತು.

ನಾನು ಸಿಸ್ಟರನ್ನು ಕರೆದೆ. ದನಿ ಜೋರಾಗಿಯೇ ಇತ್ತು. ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಇವರಿಗೆ ಈಗಲೇ ನೋವು ಉಂಟು, ದವಡೆಯಲ್ಲಿ, ಬೆನ್ನಿನಲ್ಲಿ, ನನಗೂ ಹೀಗೇ ಬಂದದ್ದು, ಮೊದಲು ಇವರ ಇಸಿಜಿ ಮಾಡಿ ಎಂದೆ. ಸಿಸ್ಟರ್ ಅವರ ಕೈ ಮುಟ್ಟಿ ನೋಡಿ, ಗಾಲಿಕುರ್ಚಿ ತರಲು ಹೇಳಿದಳು. ಮಗ ಎದ್ದು ನಿಂತು, ನೀವು ಯಾರು, ನಮ್ಮ ಮನೆಯ ವಿಷಯದಲ್ಲಿ ನಿಮಗೆ ಯಾಕೆ ಇಷ್ಟು ಸಿಟ್ಟು ಎಂದು ನನ್ನನ್ನು ಕೇಳಿದ.

ಅವನಿಗೆ ಉತ್ತರ ಕೊಟ್ಟದ್ದು ಅವನ ತಾಯಿ. ಗಾಲಿಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಮಗನನ್ನು ನೇರವಾಗಿ ನೋಡಿ, "ಮೊದಲು ಬಂದದ್ದು ನೋವು, ಮಗಾ. ಹೇಳಿದರೆ ಯಾರೂ ಕೇಳಲಿಲ್ಲ. ಕೋಪ ಬಂದದ್ದು ಆಮೇಲೆ" ಎಂದರು.